ತಾನಾಗಿ ತುಂಬುವ ಟ್ಯಾಂಕು

ನಂಜನಗೂಡಿನ ನಮ್ಮ ಮನೆಗೆ ಎಸ್ಪ್ರೆಸೊ ಯಂತ್ರ ತಂದವರು ನಮ್ಮ ಯಜಮಾನರು. ಊಟದ ಕೋಣೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಕಟ್ಟೆಯ ಮೇಲೆ ಅದನ್ನು ಕೂರಿಸಿದರು. ಕಾಫಿಪುಡಿ ತುಂಬುವ ಅದರ ಹಿಡಿ ಅವರದು. ಹಿಂದಿನ ನೀರಿನ ಟ್ಯಾಂಕು ತುಂಬುವುದು ನನ್ನದು.

ನೆಂಟರು ಬಂದರೆ ಮೊದಲ ಮೂರ್ನಾಲ್ಕು ಲೋಟ ಅವರೇ ಮಾಡುವರು. ಲೋಟ ಎತ್ತಿ ಎಲ್ಲರಿಗೂ ನೊರೆ ತೋರಿಸುವರು. ಹಿಡಿ ತೊಳೆಯಲೆಂದು ಯಂತ್ರದಿಂದ ಸುಮ್ಮಸುಮ್ಮನೆ ನೀರು ಹರಿಸುವರು. ಅಷ್ಟರಲ್ಲಿ ಟ್ಯಾಂಕು ಬರಿದಾಗಿ ಯಂತ್ರದ ಕೆಂಪು ದೀಪ ಮಿನುಗುತ್ತಿತ್ತು. "ನೀರಿಲ್ಲ" ಎಂದು ಟವೆಲಿಗೆ ಕೈ ಒರೆಸಿ ಸೋಫಾ ಸೇರುವರು. ಉಳಿದವರಿಗೆಲ್ಲ ಡಿಕಾಕ್ಷನ್ ಇಳಿಸಿ ಕಾಫಿ ತರುವವಳು ನಾನು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಸೋಸಲೆಯ ನಾದಿನಿಯ ಮನೆಯವರೆಲ್ಲ ಬಂದಿದ್ದರು. ನಾನು ಎಲೆ ಎತ್ತುತ್ತಿದ್ದಾಗ ದೀಪ ಮಿನುಗಿತು.

"ಕಾನ್ವೆಂಟಲ್ಲಿ ಓದಿ ಏನು ಬಂತು? ಒಂದು ಡಬ್ಬಕ್ಕೆ ನೀರು ತುಂಬೋದು ಕಲಿಸಲಿಲ್ಲ ಇವಳಿಗೆ," ಎಂದರು ನಮ್ಮವರು.

"ಓಗ್ಲಿ ಬಿಡಣ್ಣ, ಇಂಗ್ಲೀಸಲ್ಲಿ ಏಳುದ್ರೆ ಅತ್ತಿಗೆ ತುಂಬುಸ್ತಾರೇನೋ!" ಎಂದಳು ನಾದಿನಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಬಾಯಿ ತೆರೆಯಬಾರದೆಂದು ನಮಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಹಲ್ಲು ಕಚ್ಚಿದ್ದು ಯಾರಿಗೂ ಕಾಣಲಿಲ್ಲ.

ಪಿತೃಪಕ್ಷದ ಊಟಕ್ಕೆ ಎರಡು ದಿನ ಮುಂಚೆ, ಅವರು ಟಿ. ನರಸೀಪುರದ ಆಫೀಸಿಗೆ ಹೊರಟ ಮೇಲೆ, ಪ್ಲಂಬರನನ್ನು ಕರೆಸಿದೆ. ಅವನು ಅಡುಗೆಮನೆಯ ನೀರಿನ ಫಿಲ್ಟರಿನಿಂದ ಸಣ್ಣ ಬಿಳಿ ಪೈಪು ಎಳೆದು, ಗೋಡೆಯಲ್ಲಿ ತೂತು ಕೊರೆದು ಈಚೆಗೆ ತಂದು, ಟ್ಯಾಂಕಿನೊಳಗೆ ಪುಟ್ಟದೊಂದು ಫ್ಲೋಟ್ ಕೂರಿಸಿದ. ನೀರು ಇಳಿದರೆ ಅದೂ ಇಳಿದು ಪೈಪು ತೆರೆಯುತ್ತದೆ; ತುಂಬಿದರೆ ಮೇಲೆದ್ದು ಮುಚ್ಚುತ್ತದೆ.

"ಕಮೋಡ್ ಟ್ಯಾಂಕ್ ಇದ್ದಂಗೇ ಕಣಕ್ಕ. ಸಾರ್‌ಗೆ ಏಳ್ಬೇಡಿ, ಆಮೇಲೆ ಕಾಫಿ ಕುಡಿಯಾಕಿಲ್ಲ," ಎಂದ.

"ಇನ್ನು ಖಾಲಿಯೇ ಆಗಲ್ವಾ?"

"ತಾರಸಿ ಮ್ಯಾಲಿನ ಟ್ಯಾಂಕ್ ಬತ್ತೋಗಗಂಟ ಆಗಾಕಿಲ್ಲ."

ಅಷ್ಟು ಸಾಕಿತ್ತು ನನಗೆ.

ಸಂಜೆ ನೋಡಿ ನಮ್ಮವರಿಗೆ ಖುಷಿಯೋ ಖುಷಿ. ಸೋಸಲೆಗೆ ಫೋನು ಮಾಡಿ, ಎಷ್ಟು ಜನ ಬಂದರೂ ಈ ಸಲ ಕಾಫಿ ತನ್ನದೇ ಎಂದುಬಿಟ್ಟರು. ನಾನು ಹಾಲು ಎರಡರಷ್ಟು ತರಿಸಿದೆ. ಕಾಫಿ ಫಿಲ್ಟರನ್ನು ತೊಳೆದು ಒರೆಸಿ ಅಟ್ಟಕ್ಕೆ ಹಾಕಿದೆ.

ಪಿತೃಪಕ್ಷದ ದಿನ ಊಟ ಮಾಡಿದವರೆಲ್ಲ ಕೈ ತೊಳೆಯಲು ಬರಬೇಕಾದ್ದು ಆ ಬೇಸಿನ್ನಿಗೇ. ಕೈ ಒದರಿದವರು ಅಲ್ಲೇ ನಿಂತರು.

"ಭಾವ, ನಂಗೊಂದು."

"ಅಣ್ಣ, ಅಂಗೇ ನಮ್ಮತ್ತೆಗೂ ಒಂದು. ಸಕ್ರೆ ಕಮ್ಮಿ."

ಒಂದೊಂದು ಲೋಟಕ್ಕೂ ಪುಡಿ ಒತ್ತಬೇಕು, ಹಾಲು ನೊರೆಯೆಬ್ಬಿಸಬೇಕು, ಚರಟ ಕುಟ್ಟಿ ಕೆಡವಬೇಕು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಅವರ ಕನ್ನಡಕ ಮಂಜಾಗಿತ್ತು. ಹೊಸ ಅಂಗಿಯ ತೋಳಿಗೆ ಪುಡಿ ಮೆತ್ತಿತ್ತು. ಕಣ್ಣು ಮತ್ತೆ ಮತ್ತೆ ದೀಪದ ಕಡೆಗೆ ಹೋಗುತ್ತಿತ್ತು. ಅದು ಮಿನುಗಲೇ ಇಲ್ಲ. ಪೈಪಿನಲ್ಲಿ ಸುಯ್ಯೆಂದು ನೀರು ಬರುತ್ತಲೇ ಇತ್ತು.

"ನೀರು ಕಮ್ಮಿ ಇದ್ದಂಗಿದೆ ಕಣೆ," ಎಂದರು ಮೆಲ್ಲಗೆ.

"ಇಲ್ಲ ರೀ, ತುಂಬಿದೆ."

"ಒಂದಿಷ್ಟು ಡಿಕಾಕ್ಷನ್ ಆದ್ರೂ ಇಳಿಸಬಾರದಾ?"

"ಎಲ್ಲಾರಿಗೂ ನಿಮ್ಮ ಕೈ ಕಾಫಿನೇ ಬೇಕಂತೆ."

"ನಮ್ಮಣ್ಣ ಓಟ್ಲು ಮಡಗ್ದಂಗದೆ ಕಣ್ರಪ್ಪಾ!" ಎಂದು ನಾದಿನಿ ಕೂಗಿದಳು. ಮನೆಯೆಲ್ಲ ನಕ್ಕಿತು. ಈ ಸಲ ನಾನು ಬಾಯಿ ತೆರೆದೇ ನಕ್ಕೆ.

ಆಮೇಲೆ ಗಂಡಸರ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತೆ. ಆ ಕಹಿ ಕಾಫಿ ನನಗೆ ಸೇರುವುದಿಲ್ಲ. ಆದರೂ ಕೇಳಿ ಒಂದು ಲೋಟ ಕುಡಿದೆ. ಎರಡನೆಯದನ್ನು ನೊರೆ ಸಾಲದೆಂದು ವಾಪಸು ಕಳಿಸಿದೆ.