ಹತ್ತು ನಿಮಿಷಕ್ಕೆ ಬೇಜಾರಾಗುವ ಆಟ

ಎಂಬತ್ತಾರನೇ ಇಸವಿಯಲ್ಲಿ ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟವನು ಓಂಕಾರಮೂರ್ತಿ; ನಡೆಸಿದವಳು ಅವನ ಹೆಂಡತಿ ಮಲ್ಲಿಕಾಂಬ. ಗಂಡ ತೆಂಗಿನಕಾಯಿ ವ್ಯಾಪಾರಕ್ಕೆಂದು ಕಡೂರಿಗೆ ಹೋದರೆ ಸಂಜೆಯವರೆಗೆ ಅವಳದೇ ಆಡಳಿತ. ದುಡ್ಡು ತೆಗೆದುಕೊಂಡು ಬಿಲ್ಲೆ ಕೊಡುವುದು ಅವಳ ಕೆಲಸ. ಯಂತ್ರಕ್ಕೆ ಬಿಲ್ಲೆ ಹಾಕಿದರೆ ಆಟ, ಆಡುವವರ ಮೂರು ವಿಮಾನ ಉರುಳಿದರೆ ಮುಗಿಯಿತು. ಅಜ್ಜಂಪುರದ ತೌರಿನಲ್ಲಿ ಚೌಕಾಬಾರದಲ್ಲಿ ಯಾರಿಗೂ ಸೋತವಳಲ್ಲ ಮಲ್ಲಿಕಾಂಬ. ಅಂಥವಳನ್ನು ಈ ಡಬ್ಬಿ ದಿನಾ ಸೋಲಿಸುತ್ತಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಬಾಗಿಲು ಮುಂದಕ್ಕೆಳೆದುಕೊಂಡು ಆಡುತ್ತಿದ್ದಳು. ಒಳಗೆ ಒಲೆಯ ಮೇಲಿನ ಸಾರು ಎಷ್ಟೋ ಸಲ ಸೀದಿತ್ತು. ಗಂಡನಿಗೂ ಇದು ಗೊತ್ತಿರಲಿಲ್ಲ.

ಈ ಆಟದಿಂದ ಜನ ಕೆಡುತ್ತಿದ್ದಾರೆಂದು ಊರಲ್ಲಿ ಗುಸುಗುಸು ಎದ್ದಾಗ, ವಾರಪತ್ರಿಕೆಯೊಂದರ ವರದಿಗಾರ ಕೃಷ್ಣಸ್ವಾಮಿ ಪರೀಕ್ಷಿಸಲು ಬಂದ. ಬಿಲ್ಲೆ ಕೇಳಲೇ ಇಲ್ಲ. ಯಾರೂ ಆಡದಿದ್ದಾಗ ಗಿರಾಕಿಗಳನ್ನು ಸೆಳೆಯಲು ಯಂತ್ರ ತನ್ನಷ್ಟಕ್ಕೆ ತಾನೇ ಆಡಿ ತೋರಿಸುತ್ತಿರುತ್ತದೆ. ಮಹಾಶಯ ಅದರ ಮುಂದೆ ನಿಂತು, ಹಿಡಿಯನ್ನು ಆಚೀಚೆ ಎಳೆಯುತ್ತ, ಆಡುತ್ತಿರುವವನು ತಾನೇ ಎಂದುಕೊಂಡ! ಮಲ್ಲಿಕಾಂಬ ಬಾಯಿಗೆ ಸೆರಗೊತ್ತಿ ನಗು ತಡೆದಳು. ಓದಿದ ಮನುಷ್ಯ, ಹೇಳುವುದು ಹೇಗೆ? ಮುಂದಿನ ವಾರ ಅಚ್ಚಾಯಿತು: ‘ಸ್ವತಃ ಆಡಿ ನೋಡಿದ್ದೇವೆ. ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಯಾರೂ ಹೆದರಬೇಕಾಗಿಲ್ಲ.’ ಓಂಕಾರಮೂರ್ತಿ ಖುಷಿಯಿಂದ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ.

ಎರಡು ದಿನ ಕಳೆದಿರಬೇಕು. ಹಿಂದಿನ ಬೀದಿಯ ದರ್ಜಿ ಮಂಜಪ್ಪನ ಹೆಂಡತಿ ಗುರುಶಾಂತಮ್ಮ ಬಟ್ಟೆ ಗಂಟಿನೊಂದಿಗೆ ಬಂದು ನಿಂತಳು.

“ಬುಕ್ಕಾಂಬುಧಿಗೆ, ನಮ್ಮಪ್ಪನ ಮನೆಗೆ ಹೊಂಟಿದೀನಿ ಕಣೇ. ಇನ್ನು ಬರಲ್ಲ.”

“ಏನಾಯ್ತೇ?”

“ನನ್ನ ಗಂಡ, ದಿನಾ ಸಂಜೆಯೆಲ್ಲ ನಿಮ್ಮಂಗ್ಡೀಲಿ ಆಡ್ತಿದ್ದೆ ಅಂತಾನೆ. ಹತ್ತು ನಿಮಿಷಕ್ಕೆ ಬೇಜಾರಾಗುತ್ತೆ ಅಂತ ಪೇಪರ್‌ನಲ್ಲೇ ಬಂದಿದೆ. ಮಿಕ್ಕ ಹೊತ್ತು ಯಾವಳ ಮನೇಲಿರ್ತಾನೆ ಹೇಳು!” ಎಂದು ಕಣ್ಣೊರೆಸಿಕೊಂಡಳು.

ಮಲ್ಲಿಕಾಂಬಳಿಗೆ ಸಂಕಟವಾಯಿತು. ಪತ್ರಿಕೆಯದು ಸುಳ್ಳೆಂದರೆ ತನ್ನ ಅಂಗಡಿಗೆ ಬೀಗ. ಸುಮ್ಮನಿದ್ದರೆ ಇವಳ ಸಂಸಾರ ಮುರಿಯುತ್ತದೆ.

“ಅವನು ಇಲ್ಲೇ ಇರ್ತಾನೆ ಕಣೇ. ಆ ಪೇಪರ್‌ನೋರು ಆಡೇ ಇಲ್ಲ. ನಾನು ಆಡ್ತೀನಿ. ಸೋತಾಗೆಲ್ಲ, ಇನ್ನೊಂಚೂರಿದ್ರೆ ಗೆದ್ದೇಬಿಡ್ತಿದ್ದೆ ಅನ್ಸುತ್ತೆ. ಅದು ಬಿಡಲ್ಲ.”

“ಅವನ ಕಡೆ ಮಾತಾಡ್ಬೇಡ. ಅಚ್ಚಾಗಿರೋದು ಸುಳ್ಳಾ?”

ಮಲ್ಲಿಕಾಂಬ ಯಂತ್ರಕ್ಕೊಂದು ಬಿಲ್ಲೆ ಹಾಕಿದಳು. “ಬಸ್ಸಿಗಿನ್ನೂ ಹೊತ್ತಿದೆ, ಆಡು. ಬೇಜಾರಾದ್ರೆ ನಾನೇ ಬಸ್ ಹತ್ತಿಸ್ತೀನಿ.”

ಗುರುಶಾಂತಮ್ಮ ಒಲ್ಲದ ಮನಸ್ಸಿನಿಂದ ಹಿಡಿ ಹಿಡಿದಳು. ವಿಮಾನಗಳು ಪಟಪಟನೆ ಉರುಳಿದವು. “ಥೂ, ಪಕ್ಕದಿಂದ ಬಂದ್ಬಿಡ್ತು ಮುಂಡೇದು!” ಎಂದು ಇನ್ನೊಂದು ಬಿಲ್ಲೆ ಕೇಳಿದಳು. ಆಮೇಲೆ ಮತ್ತೊಂದು. ಗಂಟು ನೆಲಕ್ಕೆ ಜಾರಿತ್ತು. ಹೊರಗೆ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು.

“ಬಸ್ಸು ಹೋಯ್ತು ಕಣೇ.”

“ಇರೇ, ಇನ್ನೊಂದೇ ಒಂದು ಕೊಡು” ಎಂದು ಕೈ ಚಾಚಿದ ಗುರುಶಾಂತಮ್ಮ, ಚಾಚಿದ ಕೈಯನ್ನೇ ನೋಡುತ್ತ ನಿಂತಳು.

“ಅಯ್ಯೋ ಶಿವನೇ, ನನ್ನ ಗಂಡ ನಿಜಾನೇ ಹೇಳಿದ್ದ.”

ಮಲ್ಲಿಕಾಂಬ ಪ್ಲಗ್ ಕಿತ್ತಳು. ಗೋಡೆಯ ಮೇಲಿದ್ದ ಪೇಪರ್ ಚೂರನ್ನೂ ಕಿತ್ತಳು. ಸಂಜೆ ಗಂಡ ಬಂದರೆ ಅವನಿಗೂ ನಿಜವನ್ನೇ ಹೇಳಬೇಕು.