ಯಾವ ಕಂಪ್ನಿಯ ನಲ್ಲಿ

ಬಹುಕಾಲ ಮುಚ್ಚಿಟ್ಟ ಹಳೆಯ ಕಾರಿನ ಬಾಗಿಲು ತೆರೆದಾಗ ಒಂದು ವಾಸನೆ ಹೊರಬರುತ್ತದೆ. ಬಿರುಕುಬಿಟ್ಟ ತೊಗಲು, ಇಲಿ ಕಡಿದ ತೆಂಗಿನ ನಾರು, ಸೀಟಿನಲ್ಲಿ ಇಂಗಿ ಒಣಗಿದ ಪೆಟ್ರೋಲು, ಇವೆಲ್ಲ ಬೆರೆತ ಹುಳಿ ವಾಸನೆ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಶ್ರೀರಂಗಪಟ್ಟಣದ ಹೆದ್ದಾರಿಯ ಬದಿಯಲ್ಲಿದ್ದ ಬಾಷಾ ಸಾಬರ ಷೆಡ್ಡಿನೊಳಗೆ, ನನ್ನ ತಾತನ ಕರಿಯ ಕಾರಿನ ಬಾಗಿಲನ್ನು ಎಳೆದು ತೆಗೆದಾಗ ಆ ವಾಸನೆ ನೇರ ಎದೆಗೆ ಬಂದು ತಾಕಿತು. ಕ್ಯಾತನಹಳ್ಳಿಯ ನಮ್ಮ ತೊಟ್ಟಿಮನೆ ಅಷ್ಟು ಹೊತ್ತಿಗೆ ಭಾಗವಾಗಿ, ಅದರ ತೊಲೆ ಕಂಬಗಳು ಯಾರಯಾರದೋ ಮನೆ ಸೇರಿ, ನೆಲಸಮವಾಗಿ ಎಷ್ಟೋ ವರ್ಷಗಳು ಸಂದಿದ್ದವು. ಯಾರಿಗೂ ಬೇಡವಾಗಿ ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದ ಕಾರು ಮಾತ್ರ ನನ್ನ ಪಾಲಿಗೆ ಬಂದಿತ್ತು. ಕಣ್ಣು ಮುಚ್ಚಿದರೆ ಹಜಾರದಲ್ಲಿ ರಾಗಿ ಬೀಸುವ ಸದ್ದು, ತಾತನ ಕೆಮ್ಮು, ಚಿಕ್ಕಪ್ಪನ ನಗು. ಕಣ್ಣು ತೆರೆದರೆ ಷೆಡ್ಡಿನ ಹೊರಗೆ ಮೈಸೂರಿನ ಬಸ್ಸುಗಳು. ಮನೆಯೊಂದು ಇಲ್ಲವಾದ ಮೇಲೆ ಅದು ಎಂಥ ಸಂದುಗಳಲ್ಲಿ ಅಡಗಿ ಕೂತಿರುತ್ತದೆಂಬುದನ್ನು ನೀವೂ ಬಲ್ಲಿರಿ.

ಕಾರನ್ನು ಮತ್ತೆ ಓಡಿಸಬೇಕೆಂಬುದು ನಾನು ಜನರಿಗೆ ಹೇಳಿದ ಕಾರಣ. ಪ್ರತಿಯೊಂದು ಬಿಡಿಭಾಗವೂ ಕಾರು ತಯಾರಾದಾಗಲೇ ಕೂಡಿಸಿದ್ದೋ, ಆಮೇಲೆ ಯಾರೋ ತಂದು ಸೇರಿಸಿದ್ದೋ ಎಂದು ಗುರುತಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ನನ್ನ ಶಾಲೆ ಬೇಗನೆ ನಿಂತುಹೋಗಿತ್ತು. ಇಂಗ್ಲಿಷನ್ನೂ ಎಂಜಿನ್ನಿನ ಒಳಹೊರಗನ್ನೂ ಹಳೆಯ ಪುಸ್ತಕಗಳನ್ನು ಓದಿ ಕಲಿತೆ. ಹಾಗೆ ಕಲಿತವನಿಗೆ ಕೇಳಿದ್ದನ್ನು ಕೇಳಿದಂತೆಯೇ ನಂಬುವ ಸುಖ ದಕ್ಕುವುದಿಲ್ಲ. ಅದು ಅರಮನೆಯಿಂದ ಬಂದ ಕಾರೆಂದು ನೆಂಟರೆಲ್ಲ ಹೇಳುತ್ತಿದ್ದರು. ದೀಪದ ಬಟ್ಟಲಿನಿಂದ ಬಾಗಿಲ ಹಿಡಿಯವರೆಗೆ ಶೋಧಿಸಿದರೂ ಅರಮನೆಯ ಗುರುತು ಒಂದೂ ಸಿಗಲಿಲ್ಲ. ಆ ಕತೆ ಸುಳ್ಳಾದರೆ ಯಾರಿಗೂ ನಷ್ಟವಿರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಕತೆ: ನನ್ನ ಚಿಕ್ಕಪ್ಪ ಕಳ್ಳ ಎಂಬುದು. ರೇಡಿಯೇಟರಿನ ತಳದಲ್ಲಿ ನೀರು ಬಸಿಯಲು ಇಟ್ಟಿರುವ ಹಿತ್ತಾಳೆಯ ಪುಟ್ಟ ನಲ್ಲಿಯೊಂದರ ಮೇಲೆ ಆ ಕತೆ ಇಡಿಯಾಗಿ ನಿಂತಿತ್ತು.

ಚಿಕ್ಕಪ್ಪ ತಾತನ ಕಿರಿಯ ಮಗ, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ. ಮನೆಯಲ್ಲಿ ಕಾರಿನ ಆರೈಕೆಯೂ ಅವನದೇ. ನಮ್ಮ ಕಡೆ ಆ ಕಾರ್ಖಾನೆಯನ್ನು ಯಾರೂ ಕಾರ್ಖಾನೆ ಎನ್ನುತ್ತಿರಲಿಲ್ಲ, ‘ಕಂಪ್ನಿ’ ಎನ್ನುತ್ತಿದ್ದರು. ಕಬ್ಬು ಕಂಪ್ನಿಗೆ ಹೋಗುತ್ತಿತ್ತು, ಗಂಡಸರು ಕಂಪ್ನಿಯಿಂದ ಬರುತ್ತಿದ್ದರು. ಲೋಕದಲ್ಲಿ ಇನ್ನೊಂದು ಕಂಪನಿ ಇರಬಹುದೆಂದು ಮಕ್ಕಳಾದ ನಮಗೆ ಹೊಳೆದಿರಲೇ ಇಲ್ಲ. ಒಂದು ಆಯುಧಪೂಜೆಯ ಮುನ್ನಾದಿನ ಅವನು ಆ ನಲ್ಲಿಯನ್ನು ಬಿಚ್ಚಿ, ಹುಣಸೇಹಣ್ಣು ಬೂದಿ ಹಾಕಿ ಉಜ್ಜಿ, ಚಿನ್ನದಂತೆ ಬೆಳಗಿ ಮತ್ತೆ ಕೂಡಿಸಿದ. ಅಷ್ಟು ವರ್ಷ ಕೆಸರು ಮೆತ್ತಿಕೊಂಡು ಕಪ್ಪಾಗಿದ್ದ ಅದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅವನ ತಂಗಿ ಸಾಕಮ್ಮ, ನನಗೆ ಸೋದರತ್ತೆಯಾದರೂ ನನಗಿಂತ ಎರಡು ಮೂರು ವರ್ಷಕ್ಕಷ್ಟೇ ದೊಡ್ಡವಳು, ಬಗ್ಗಿ ನೋಡಿ ಕೇಳಿದಳು: “ಎಲ್ಲೀದಣ್ಣ ಇದು, ಇಂಗ್ ಒಳೀತದೆ?” ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತ, “ಕಂಪ್ನಿದು ಕವ್ವ. ಸಂತೇಲಿ ತಂದಿದ್ದು ಅಂದ್ಕಂಡ್ಯಾ?” ಎಂದು ನಕ್ಕ.

ಅಂದು ಸಂಜೆ ಊಟಕ್ಕೆ ಕುಳಿತಾಗ ತಾತ ಮಗಳನ್ನು ಕೇಳಿದರು: “ಕಾರಿಗೆ ವಸಾ ನಲ್ಲಿ ಎಲ್ಲಿಂದ ಬಂತವ್ವ?” “ಕಂಪ್ನಿದಂತೆ ಅಪ್ಪಯ್ಯ.” “ಯಾವ ಕಂಪ್ನಿ?” “ಇನ್ಯಾವ್ದು, ಅಣ್ಣ ಕೆಲ್ಸಕ್ಕೋಗೋ ಕಂಪ್ನಿ.” ಕಾರ್ಖಾನೆಗಳಿಂದ ಹಿತ್ತಾಳೆ ಸಾಮಾನು ಕಳುವಾಗುತ್ತದೆಂಬ ಮಾತು ಆ ದಿನಗಳಲ್ಲಿ ಊರಿನ ಜಗಲಿಗಳ ಮೇಲೆ ಓಡಾಡುತ್ತಿತ್ತು. ತಾತ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಆಗಷ್ಟೇ ಬಂದು ಕುಳಿತಿದ್ದ ಚಿಕ್ಕಪ್ಪನ ಕಡೆ ತಿರುಗಿದರು. “ಕದ್ದ ಮಾಲು ತಂದು ಪೂಜೆಗಿಕ್ಕಿದ್ದೀಯೇನ್ಲಾ? ಇನ್ಮೇಲೆ ಈ ಒಸ್ಲು ತುಳೀಬ್ಯಾಡ.” ಚಿಕ್ಕಪ್ಪ ತಂಗಿಯ ಮುಖವನ್ನು ಒಮ್ಮೆ ನೋಡಿದ. ಕೈ ತೊಳೆದು ಹೊರಟವನು ಆ ಮನೆಗೆ ಮತ್ತೆ ಬರಲಿಲ್ಲ.

ಅವನು ಬಿಚ್ಚಿದ್ದನ್ನೂ ಕೂಡಿಸಿದ್ದನ್ನೂ ನಾನು ಕಂಡಿದ್ದೇನೆಂಬ ನೆನಪು ನನಗಿತ್ತು. ಆದರೆ ಬಿಚ್ಚಿದ್ದೇ ಬೇರೆ, ಕೂಡಿಸಿದ್ದೇ ಬೇರೆಯಾಗಿದ್ದರೆ? ಎಳೆಯ ಹುಡುಗನ ನೆನಪು ನೆಂಟರ ಕತೆಗಿಂತ ಹೆಚ್ಚು ಗಟ್ಟಿಯೆಂದು ನಂಬಲು ನನ್ನಲ್ಲಿ ಏನಾಧಾರವಿತ್ತು? ನಲ್ಲಿಯನ್ನು ಬಿಚ್ಚಿ ತೊಳೆದಾಗ ಹಿಡಿಯ ಕೆಳಗೆ ಕೋಳಿ ಕಾಲಿನಂಥ ಮೂರು ಗೀರಿನ ಅಚ್ಚು ಕಂಡಿತು. ಬಾಷಾ ಸಾಬರು ಅದನ್ನು ಅಂಗೈಯಲ್ಲಿ ತೂಗಿ, “ಇದು ಲೋಕಲ್ ಮಾಲು ಸಾರ್, ವಸಾದು ಹಾಕ್ಬುಡಾನ” ಎಂದರು. ನೋಡದೆಯೇ ತೀರ್ಪು ಕೊಡಬೇಡಿ ಎಂದೆ. “ನಿಮ್ ತರ ನೋಡ್ತಾ ಕೂತ್ರೆ ಗಾಡಿಗಿಂತ ಮೊದ್ಲು ನಮ್ ಜನಾಜಾ ಖಬರಸ್ತಾನಕ್ಕೆ ಹೊರಡ್ತದೆ” ಎಂದು ಬೀಡಿ ಹಚ್ಚಿದರು.

ಉಪಾಯವೊಂದಿತ್ತು. ಆ ಕಾಲದ ಕಾರುಗಳಲ್ಲಿ ಎಂಜಿನ್ನಿನ ಪಕ್ಕೆಯಲ್ಲಿಯೂ ಇಂಥದೇ ಒಂದು ನಲ್ಲಿ ಇರುತ್ತದೆ. ನಮ್ಮ ಕಾರಿನಲ್ಲಿ ಅದು ಹೊಗೆ ಕೊಳವೆಯ ಹಿಂದೆ, ಕೈ ಹೋಗದ ಜಾಗದಲ್ಲಿತ್ತು. ಕೊಳವೆಯನ್ನು ತೆಗೆಸಿ, ಗಟ್ಟಿಯಾದ ಜಿಡ್ಡನ್ನು ಕೆರೆದು ನೋಡಿದರೆ ಎಂಜಿನ್ನಿಗೆ ಮೊದಲು ಬಳಿದ ಬಣ್ಣ ನಲ್ಲಿಯ ಕತ್ತಿನ ಮೇಲೂ ಬಿರುಕಿಲ್ಲದೆ ಹರಿದಿತ್ತು. ಅಂದರೆ ಅದನ್ನು ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಅದರ ಮೇಲೂ ಅದೇ ಅಚ್ಚಿದ್ದರೆ ಎರಡೂ ಕಾರಿನ ಜೊತೆಗೇ ಬಂದವು. ಇಲ್ಲದಿದ್ದರೆ ತಾತನ ಮಾತೇ ನಿಜ. ಸೀಮೆಎಣ್ಣೆ ಬಿಟ್ಟು ನೆನೆಸಿದ್ದ ದಿನಗಳಲ್ಲಿ ನಾನು ಪಟ್ಟ ಹಿಂಸೆ ನಲ್ಲಿ ಮುರಿದೀತೆಂಬ ಭಯಕ್ಕಷ್ಟೇ ಸೇರಿದ್ದಲ್ಲ. ಅಚ್ಚು ಬೇರೆಯಾದರೆ ಚಿಕ್ಕಪ್ಪ ಶಾಶ್ವತವಾಗಿ ಕಳ್ಳನಾಗುತ್ತಿದ್ದ. ಒಂದೇ ಆದರೆ, ಆ ಮನೆಯನ್ನು ಮುರಿದದ್ದು ಸಾಕಮ್ಮತ್ತೆಯ ಬಾಯಿಂದ ಬಂದ ಒಂದು ಮಾತು ಎಂದಾಗುತ್ತಿತ್ತು. ಪಾಂಡವಪುರದಲ್ಲಿ ಮಕ್ಕಳ ಜೊತೆಗಿದ್ದ ಅವಳು ಆಗಲೇ ಸಕ್ಕರೆ ಕಾಯಿಲೆಯಿಂದ ಸೊರಗಿದ್ದಳು. ಕೊನೆಗೆ ನಲ್ಲಿ ಕಿರುಗುಟ್ಟುತ್ತ ತಿರುಗಿತು. ಹಿಡಿಯ ಕೆಳಗೆ ಮೂರು ಗೀರು.

ಎರಡನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಪಂಪ್‌ಸೆಟ್ಟು ರಿಪೇರಿ ಮಾಡುತ್ತ ಬಾಳಿದ್ದ ಚಿಕ್ಕಪ್ಪ ಅಲ್ಲಿ ಮಗನ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ. ನಲ್ಲಿಗಳನ್ನು ಅವನ ಮುಂದಿಟ್ಟು, ಎರಡೂ ಕಾರು ಮಾಡಿದವರದೇ ಎಂದೆ. ಅವನು ಅವನ್ನು ಮುಟ್ಟಲಿಲ್ಲ.

“ನಂಗೊತ್ತಿಲ್ವೇನ್ಲಾ? ಉಜ್ಜಿದ್ದು ನಾನಲ್ವಾ? ಕಂಪ್ನಿದು ಅಂದಿದ್ದು ಕಾರ್ ಮಾಡಿದ್ ಕಂಪ್ನೀನ.”

“ಮತ್ಯಾಕೆ ಅವತ್ತು ಬಾಯಿ ಬಿಡ್ಲಿಲ್ಲ ಚಿಕ್ಕಪ್ಪ?”

“ಸಾಕಮ್ಮ, ಎಳೇ ಮಗ, ಯೋಳ್ಬುಟ್ಟಿತ್ತಲ್ಲ. ನಾನು ಅಲ್ಲ ಅಂದಿದ್ರೆ ಅದು ಸುಳ್ಳಾಡ್ತು ಅಂತ ಆಗೋದು. ಅಪ್ಪಯ್ಯನ ಕೈ ಏಟು ಎಂಥದು ಅಂತ ನೀನೂ ತಿಂದು ನೋಡಿದ್ದೀಯ.” ಬೀದಿಯ ಕಡೆ ತಿರುಗಿದ. “ನಾಕ್ ದಿನ ಕಳುದ್ರೆ ಕೋಪ ಇಳೀತದೆ, ಕರೀತಾರೆ ಅಂದ್ಕಂಡಿದ್ದೆ. ಕರೀನಿಲ್ಲ.” ಹೊರಟು ನಿಂತಾಗ ನನ್ನ ಮುಂಗೈ ಹಿಡಿದ. “ಸಾಕಮ್ಮಂಗೆ ಯೋಳ್ಗೀಳ್ಬುಟ್ಟೀಯ ಕಣ್ಲಾ. ಈ ವಯಸ್ನಲ್ಲಿ ಅವಳಿಗದು ಬ್ಯಾಡ.”

ಮುಂದಿನ ಮಳೆಗಾಲಕ್ಕೆ ಅವನಿರಲಿಲ್ಲ. ತಿಥಿಯ ದಿನ ಸಾಕಮ್ಮತ್ತೆ ಗೋಡೆ ಹಿಡಿದು ಬಂದು ನನ್ನ ಪಕ್ಕ ಕುಳಿತಳು. “ನೀನು ಆ ಕಾರ್ನೆಲ್ಲ ಬಿಚ್ಚಿ ನೋಡ್ದ್ಯಂತೆ” ಎಂದಳು, ಬಹಳ ತಗ್ಗಿದ ದನಿಯಲ್ಲಿ. “ನಮ್ಮಣ್ಣ ನಿಜವಾಗ್ಲೂ ಕದ್ದಿದ್ನೇನಪ್ಪ?” ಅವಳ ಕಣ್ಣುಗಳು ನನ್ನ ಮುಖವನ್ನು ಬಿಟ್ಟು ಕದಲಲಿಲ್ಲ. ಆ ಕಣ್ಣುಗಳು ಯಾವ ಉತ್ತರಕ್ಕೆ ಹೆದರಿದ್ದವೆಂದು ನನಗೆ ಇಂದಿಗೂ ತಿಳಿದಿಲ್ಲ. ಬೇರೆಯವರ ತಪ್ಪು ಕತೆಗಳನ್ನು ತಿದ್ದುವುದರಲ್ಲೇ ಆಯುಷ್ಯ ಕಳೆದ ನಾನು, “ಗೊತ್ತಾಗ್ಲಿಲ್ಲ ಕಣತ್ತೆ, ತುಂಬಾ ಹಳೇದು” ಎಂದೆ. ಅವಳು ತಲೆಯಾಡಿಸಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

ಈಗ ಅವಳೂ ಇಲ್ಲ. ಆ ಸಂಜೆ ಹಜಾರದಲ್ಲಿ ಊಟಕ್ಕೆ ಕುಳಿತಿದ್ದವರಲ್ಲಿ ಉಳಿದಿರುವವನು ನಾನೊಬ್ಬನೇ. ನನ್ನ ಚಿಕ್ಕಪ್ಪ ಕಳ್ಳನಲ್ಲ. ಕೇಳಬೇಕಾಗಿದ್ದವರೆಲ್ಲ ಎದ್ದುಹೋದ ಮೇಲೆ, ಇದನ್ನು ನಿಮಗೆ ಹೇಳುತ್ತಿದ್ದೇನೆ.