ಕೊಸರಿಗೆ ಬಂದ ಕುತ್ತಿಗೆ

ನನ್ನ ಬೆನ್ನಿನ ಸ್ಕ್ಯಾನಿಗೆ ಒಂದು ಒಳ್ಳೆಯ ಹೋರಿಕರುವಿನ ಬೆಲೆ ಬಿತ್ತು. ಕರುವಾದರೆ ಮನೆಗೆ ಬಂದು ಮೇವು ತಿನ್ನುತ್ತಿತ್ತು. ಇದು ನನ್ನ ನಿದ್ದೆ ತಿಂದಿತು. ಆದರೂ ದುಬಾರಿಯಾಯಿತೆಂದು ಹೇಳಲಾರೆ, ಕೊಸರು ಹಾಕಿಸಿಕೊಂಡೇ ಬಂದಿದ್ದೆ.

ಶಲವಡಿ ಸುತ್ತಮುತ್ತ ಕಡಲೆ ಕೊಂಡು ಮಾರಿ ಅಂಗಡಿ ಕಟ್ಟಿದವನು ನಾನು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಬೀಳದಿದ್ದರೆ ನನ್ನ ಪಾಲಿಗೆ ವ್ಯಾಪಾರವೇ ಮುಗಿದಿಲ್ಲ. ಚೀಲ ಎತ್ತಿ ಎತ್ತಿ ಸೊಂಟ ಹಿಡಿದು, ಬಲಗಾಲಿಗೆ ಜೋಮು ಇಳಿದಾಗ, ಊರ ಡಾಕ್ಟರು ಬರೆದುಕೊಟ್ಟಂತೆ ಹುಬ್ಬಳ್ಳಿಗೆ ಸೊಂಟದ ಸ್ಕ್ಯಾನಿಗೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ದರದಲ್ಲಿ ಪೈಸೆ ಬಿಡಲಿಲ್ಲ.

"ಹಂಗಾರ ಸೊಂಟದ ಜೋಡಿ ಕುತ್ತಿಗೀನೂ ತಗೀರಿ. ಹೆಂಗೂ ಮಷೀನಿನ್ಯಾಗ ಮಲಗಿರ್ತೀನಲ್ಲ," ಎಂದೆ.

"ಕುತ್ತಿಗಿ ತ್ರಾಸ ಐತೇನ್ರಿ ಕಾಕಾ?"

"ಇಲ್ಲವಾ, ಕೊಸರಿಗೆ."

ಆಕೆ ನಕ್ಕು ಒಪ್ಪಿದಳು. ಕೊಸರು ಕೊಡುವ ಅಂಗಡಿ ಎಂದೂ ನಷ್ಟ ಮಾಡಿಕೊಳ್ಳುವುದಿಲ್ಲ ಎಂಬುದು ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು.

ಮರುದಿನ ವರದಿ ಹಿಡಿದು ತಜ್ಞರ ಕೋಣೆಯ ಹೊರಗೆ ಕುಳಿತೆವು, ನಾನು ಮತ್ತು ಹೆಂಡತಿ ನೀಲವ್ವ. ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಲಕೋಟೆ ಬಿಚ್ಚಿ ಒಂದೊಂದೇ ಇಂಗ್ಲಿಷ್ ಶಬ್ದವನ್ನು ಫೋನಿಗೆ ಕೇಳಿದೆ. ಸೊಂಟದಲ್ಲಿ ಎಲುಬುಗಳ ನಡುವಿನ ಒಂದು ಗಾದಿ, ಅಂದರೆ ಡಿಸ್ಕು, ಉಬ್ಬಿ ನರಕ್ಕೆ ತಾಗಿದೆಯಂತೆ. ಅದು ದುಡ್ಡು ಕೊಟ್ಟು ಕೊಂಡ ರೋಗ, ಒಪ್ಪಿಕೊಂಡೆ. ಆದರೆ ಕುತ್ತಿಗೆಯಲ್ಲಿ ಮೂರು ಗಾದಿ ಸವೆದಿವೆಯಂತೆ, ಎಲುಬಿಗೆ ಮುಳ್ಳು ಬೆಳೆದಿದೆಯಂತೆ! ಒಂದು ಕೇಳಿದರೆ ಮೂರು ಹೇಳುವ ಫೋನಿಗೂ ಕೊಸರಿನ ಚಟವಿರಬೇಕು. ಎಲ್ಲಿಂದ ಹೊರಟರೂ ಅದು ಆಪರೇಶನ್ನಿಗೇ ಬಂದು ನಿಲ್ಲುತ್ತಿತ್ತು. ಅರ್ಧ ತಾಸಿನೊಳಗೆ, ಹುಟ್ಟಿದಾಗಿನಿಂದ ನೋಯದ ಕುತ್ತಿಗೆ ನೋಯತೊಡಗಿತು.

ಬಾಜು ಕುಳಿತಿದ್ದವರು ಜೈನಾಬಿ ಅಕ್ಕ, ನವಲಗುಂದದಲ್ಲಿ ಜಮಖಾನೆ ನೇಯುವವರು. ಪೇಟೆ ಧಾರಣೆ ಕೇಳುವಂತೆ ಅವರ ವರದಿಯನ್ನೂ ಕೇಳಿ ಪಡೆದು ಓದಿದೆ. ಕೆಟ್ಟದ್ದು ಅವರದು ಎರಡು ಗಾದಿ, ನನ್ನದು ನಾಲ್ಕು ಎಂದು ಲೆಕ್ಕವನ್ನೂ ಹೇಳಿದೆ.

"ಎರಡ ಹೋದ್ರೂ ದಿನಾ ಮಗ್ಗಕ್ಕ ಕೂಡ್ತೀನಿ ಅಣ್ಣಾ," ಎಂದರು ಆಕೆ. "ನಿಮಗ ನಾಕ ಹೋದ್ರೂ ಬಾಯಿ ಅಗದಿ ಚಲೋ ಐತಲ್ಲ, ಯಾಕ ಅಂಜ್ತೀರಿ?"

ಅಂಜಿಕೆ ಇತ್ತು. "ಡಾಕ್ಟ್ರು ಕೊಯ್ಯಬೇಕಂದ್ರ ಅಂಗಡಿಗೆ ಕೀಲಿ ಹಾಕೂಣು," ಎಂದು ನೀಲವ್ವ ಮನೆಯಿಂದ ಹೊರಡುವಾಗಲೇ ತೀರ್ಪು ಕೊಟ್ಟಿದ್ದಳು. ಅಂಗಡಿ ಇಲ್ಲದ ನನ್ನನ್ನು ನಾನು ಕಂಡವನೇ ಅಲ್ಲ.

ಒಳಗೆ ಹೋದಾಗ ತಜ್ಞ ಡಾಕ್ಟರು ಮೊದಲು ಲಕೋಟೆಗೆ ಕೈ ಹಚ್ಚಲಿಲ್ಲ. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಮಲಗಿಸಿ ಕಾಲು ಎತ್ತಿ ನೋಡಿದರು. ಚಿತ್ರ ನೋಡಿದ್ದು ಆಮೇಲೆ. ನನಗೆ ನಾಚಿಕೆಯಾಯಿತು. ಚೀಲದ ಮೇಲಿನ ಚೀಟಿ ಓದಿ ಕಡಲೆ ಕೊಂಡವನಲ್ಲ ನಾನು. ಒಳಗೆ ಕೈ ಹಾಕಿ, ಕಾಳು ಕಡಿದು ನೋಡಿಯೇ ದರ ಹೇಳುವವನು. ನನ್ನ ಸ್ವಂತ ಬೆನ್ನನ್ನು ಮಾತ್ರ ಚೀಟಿ ಓದಿ ಕೊಂಡಿದ್ದೆ.

"ಕಾಲಾಗ ಶಕ್ತಿ ಐತ್ರಿ. ಸದ್ಯ ಕೊಯ್ಯೂದು ಬ್ಯಾಡ. ವ್ಯಾಯಾಮ ಮಾಡ್ರಿ, ಚೀಲ ಎತ್ತಬ್ಯಾಡ್ರಿ."

"ಮತ್ತ ಕುತ್ತಿಗೀದು, ಸಾಹೇಬ್ರ?"

"ನಿಮ್ಮ ವಯಸ್ಸಿಗೆ ಭಾಳ ಮಂದಿಗೆ ಹಂಗ ಇರ್ತೈತಿ. ತ್ರಾಸ ಇತ್ತೇನು?"

"ಓದೂತನಕ ಇರಲಿಲ್ರಿ."

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆದ್ದರಿಂದ ನನ್ನ ಮಾತು ಕೇಳಿ. ಡಾಕ್ಟರು ಹೇಳಿದ ಜಾಗವನ್ನಷ್ಟೇ ಸ್ಕ್ಯಾನ್ ಮಾಡಿಸಿ. ಕಾಯುವಾಗ ಲಕೋಟೆ ಬಿಚ್ಚುವ ಬದಲು, ಯಾವ ಕೆಲಸ ಮಾಡಲು ಆಗುತ್ತಿಲ್ಲ ಎಂದು ನೆನಪು ಮಾಡಿಕೊಳ್ಳಿ. ಒಳಗೆ ಡಾಕ್ಟರು ಕೇಳುವುದು ಅದನ್ನೇ. ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಮಾತ್ರ ಪಾಳಿ ಕಾಯಬೇಡಿ, ಅವತ್ತೇ ಓಡಿ. ಇನ್ನು ಕೊಸರು ಬೇಕೇ ಬೇಕು ಅನ್ನಿಸಿದರೆ ನಮ್ಮ ಅಂಗಡಿಗೆ ಬನ್ನಿ, ಒಂದು ಹಿಡಿ ಕಡಲೆ ಹೆಚ್ಚಿಗೆ ಹಾಕುತ್ತೇನೆ. ಚೀಲ ಮಾತ್ರ ನೀವೇ ಎತ್ತಿಕೊಳ್ಳಬೇಕು.